ಮೊದಲು ಏನು, ಆಮೇಲೆ ಏನು, ಎಷ್ಟು ಹೊತ್ತು

ಅವರ ಮೇಲೆ ನನಗಿದ್ದ ದೂರುಗಳಲ್ಲಿ ಮೊದಲನೆಯದು ಮೆಟ್ಟಿಲಿನದು. ಮದರಾಸಿನ ಮೌಂಟ್ ರೋಡಿನಲ್ಲಿದ್ದ ನಮ್ಮ ವಿಮಾ ಕಚೇರಿಗೆ ನಾನು ವರ್ಗವಾಗಿ ಬಂದ ಎರಡನೆಯ ದಿನ, ಡಿಸ್ಪ್ಯಾಚ್ ವಿಭಾಗದಲ್ಲಿ ಧಾರವಾಡದ ಕಡೆಯ ಕನ್ನಡಿಗರೊಬ್ಬರು ಗುಮಾಸ್ತರಾಗಿದ್ದಾರೆಂದು ತಿಳಿದು, ಮಹಡಿಯ ತಿರುವಿನಲ್ಲಿ ಎದುರಾದಾಗ ನಾನಾಗಿಯೇ ಕೈಮುಗಿದು ನಮಸ್ಕಾರ ಎಂದೆ. ಅವರು ಬಗಲಿನಲ್ಲಿ ಲಕೋಟೆಗಳ ಕಟ್ಟನ್ನು ಇರುಕಿಕೊಂಡು, ತುಟಿಯಲ್ಲೇ ಏನನ್ನೋ ಎಣಿಸುತ್ತ, ನನ್ನನ್ನು ದಾಟಿ ಇಳಿದುಹೋದರು. ನಾನು ಪತ್ರವ್ಯವಹಾರ ವಿಭಾಗದ ಸೂಪರಿಂಟೆಂಡೆಂಟ್. ಹುದ್ದೆಯಲ್ಲಿ ಅವರಿಗಿಂತ ಎರಡು ದರ್ಜೆ ಮೇಲಿನವನು. ಅವರ ಎಡಗಿವಿ ಪೂರ್ತಿ ಕೇಳಿಸುವುದಿಲ್ಲವೆಂದು ಆಮೇಲೆ ಯಾರೋ ಹೇಳಿದರು. ಅದನ್ನು ಗಣನೆಗೆ ತೆಗೆದುಕೊಂಡೇ ಹೇಳುತ್ತಿದ್ದೇನೆ: ಕೈಮುಗಿದದ್ದು ಕಣ್ಣಿಗೆ ಕಾಣುವಂಥದು.

ಕಳೆದ ವಾರ ಸರೋಜಾ ನನ್ನ ಮನೆಗೆ ಬಂದು ಅವರು ತೀರಿಕೊಂಡ ಸುದ್ದಿ ತಿಳಿಸಿದಳು. ಈಕೆ ಕೀಲ್ಪಾಕ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ತಂದೆ ಕೋಲಾರದ ಕಡೆಯವರು, ರೈಲ್ವೆಯಲ್ಲಿದ್ದರು. ಮಗಳು ಹುಟ್ಟಿ ಬೆಳೆದದ್ದೆಲ್ಲ ಮದರಾಸಿನಲ್ಲಿ. ಕುರ್ಚಿಯ ಅಂಚಿನಲ್ಲಿ ಕುಳಿತು ಹೇಳಿದಳು: "ಮೊದಲು ಎಡಗೈ ಜೋಮು ಹಿಡೀತು ಅಂದ್ರಂತೆ ಸಾರ್. ಆಮೇಲೆ ನೀರು ಕೇಳಿದ್ರಂತೆ. ಎಲ್ಲಾ ಸೇರಿ ಇಪ್ಪತ್ತು ನಿಮಿಷ ಅಷ್ಟೇ." ಹೇಳಿ ಮುಗಿಸಿದ ಮೇಲೆ ತಾನು ಹೇಳಿದ ರೀತಿ ಆಕೆಗೇ ಹೊಳೆದಿರಬೇಕು. "ಅವರು ಕಲಿಸಿದ್ದು ಅಪ್ಪಡಿಯೇ ನಿಂತುಬಿಟ್ಟಿದೆ," ಎಂದು ಕಣ್ಣೊರೆಸಿಕೊಂಡಳು. ಹೊರಡುವಾಗ, "ಅವರ ಬಗ್ಗೆ ಎಲ್ಲಾದ್ರೂ ನಾಲ್ಕು ಸಾಲು ಬರೀರಿ ಸಾರ್. ನಿಮಗೆ ಬರೆಯೋಕೆ ಬರುತ್ತೆ," ಎಂದಳು. ಆ ಕೊನೆಯ ಮಾತನ್ನು ಆಕೆ ಸರಳವಾಗಿಯೇ ಆಡಿದಳೆಂದು ನಂಬಿದ್ದೇನೆ.

ಆದ್ದರಿಂದ ಬರೆಯುತ್ತಿದ್ದೇನೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಅದನ್ನು ಬರೆಯುವ ಅಧಿಕಾರ ನನಗಿದೆಯೇ ಎಂಬುದನ್ನು ಓದುಗರು ಕೊನೆಯಲ್ಲಿ ತೀರ್ಮಾನಿಸಬಹುದು.

ಕುಳ್ಳ ದೇಹ, ಅರ್ಧತೋಳಿನ ಬಿಳಿ ಅಂಗಿ, ಯಾವಾಗಲೂ ಬಲಕ್ಕೆ ಸ್ವಲ್ಪ ವಾಲಿದ ಕತ್ತು. ಮಾತನಾಡಿಸಿದವರಿಗೆ ಕೇಳಿಸುವ ಕಿವಿಯನ್ನು ಒಡ್ಡಿ ಒಡ್ಡಿ ಆ ಭಂಗಿ ಬಂದಿತ್ತು. ಲೋಕದಲ್ಲಿ ಯಾವ ಕೆಲಸ ನಡೆಯುತ್ತಿದ್ದರೂ ಅದರ ಬಗ್ಗೆ ಅವರಿಗೆ ಇದ್ದದ್ದು ಮೂರೇ ಪ್ರಶ್ನೆ: "ಮೊದಲ ಏನ್ ಆಗ್ತದ, ಆಮ್ಯಾಲೆ ಏನ್ ಆಗ್ತದ, ಎಷ್ಟ್ ಹೊತ್ತು ಆಗ್ತದ? ಇಷ್ಟು ಹೇಳ್ರಿ ಸಾಕು." ವಡಪಳನಿಯ ಸ್ಟುಡಿಯೋ ಒಂದರಲ್ಲಿ ಬಡಗಿಯಾಗಿದ್ದ ಪರಿಚಯದವರು ಒಮ್ಮೆ ಅವರನ್ನು ಶೂಟಿಂಗ್ ನೋಡಲು ಕರೆದೊಯ್ದಿದ್ದರು. ಮರುದಿನ ಕಚೇರಿಯ ಅರ್ಧ ಮಂದಿ ಅವರ ಮೇಜಿನ ಸುತ್ತ ನೆರೆದು ನಾಯಕಿ ಯಾರಿದ್ದಳೆಂದು ಕೇಳಿದರು.

"ಯಾರೋ ಇದ್ಲು," ಎಂದರು ಇವರು. "ಮೊದಲ ದೀಪ ಹಚ್ತಾರ. ಆಮ್ಯಾಲೆ ಒಬ್ಬಾಂವ ಹಲಗಿ ಹಿಡೀತಾನ. ಎಲ್ಲಾರೂ ಗಪ್ ಆಗ್ತಾರ. ಗಪ್ ಆದ ಮ್ಯಾಲ ಆಕಿ ಕಣ್ಣಾಗ ನೀರು ಬರಾಕ ಎಷ್ಟು ಹೊತ್ತು ಹಿಡೀತದ, ಹೇಳ್ರಿ ನೋಡೋಣ? ಒಂಬತ್ತು ಎಣಿಸೂದ್ರಾಗ ಬಂತ್ರೀ."

ರಜೆಯ ದಿನವೊಂದನ್ನು ಖರ್ಚು ಮಾಡಿ ಬಸ್ಸಿನಲ್ಲಿ ಮಣಲಿಗೆ ಹೋಗಿ, ಎಣ್ಣೆ ಕಾರ್ಖಾನೆಯ ಪಾಳಿ ಬದಲಾಗುವಾಗ ಗೇಟಿನಲ್ಲಿ ಹೊರಬರುವವರು ಮೊದಲೋ ಒಳಹೋಗುವವರು ಮೊದಲೋ ಎಂದು ನೋಡಿಕೊಂಡು ಬಂದವರು ಅವರು. ಇದರಿಂದ ಏನು ಉಪಯೋಗವೆಂದು ನಾನು ಕೇಳಿದೆ. "ಗೊತ್ತಿರ್ಲಿಲ್ಲ, ಈಗ ಗೊತ್ತಾತು," ಎಂದರು. ಅದನ್ನು ಉತ್ತರವೆಂದು ನಾನು ಆಗ ಒಪ್ಪಿರಲಿಲ್ಲ.

ಇಂಥವರ ಕೈಗೆ ಇಂಗ್ಲಿಷ್ ಪರೀಕ್ಷೆ ಸಿಕ್ಕಿದ ಬಗೆ ಹೀಗೆ. ಎಪ್ಪತ್ತರ ದಶಕದ ಕೊನೆಯಲ್ಲಿ ಕೀಲ್ಪಾಕ್‌ನ ಅವರ ಬಾಡಿಗೆ ಮನೆಯ ಪಕ್ಕದ ಭಾಗದಲ್ಲಿ ನರ್ಸ್ ಒಬ್ಬಳಿದ್ದಳು. ಹೊರದೇಶದ ಆಸ್ಪತ್ರೆಗೆ ಸೇರಬೇಕಾದವರು ಇಂಗ್ಲಿಷ್ ಬರುತ್ತದೆಂದು ತೋರಿಸುವ ಪರೀಕ್ಷೆಯೊಂದನ್ನು ದಾಟಬೇಕಿತ್ತು. ಅದರಲ್ಲಿ ಆಕೆ ಸೋತು ಬಂದು ಅಳುತ್ತಿದ್ದಳು. ಇವರು ಹೋಗಿ ಸಮಾಧಾನ ಹೇಳುವ ಬದಲು ತಮ್ಮ ಮೂರು ಪ್ರಶ್ನೆಗಳನ್ನು ಕೇಳಿದರು. ಪ್ರಶ್ನೆಗಳಿಗೆ ಉತ್ತರ ಬರೆಯುವಂತಿಲ್ಲ, ಕೊಟ್ಟ ನಾಲ್ಕರಲ್ಲಿ ಒಂದನ್ನು ಆರಿಸಿ ಅದರ ಪುಟ್ಟ ಮನೆಯನ್ನು ಪೆನ್ಸಿಲಿನಿಂದ ಕಪ್ಪಗೆ ತುಂಬಬೇಕು, ಅದನ್ನು ಯಂತ್ರ ಓದುತ್ತದೆ ಎಂದು ತಿಳಿಯಿತು. ಆಕೆ ನಡುವೆ ಒಂದು ಸಾಲು ತಪ್ಪಿ, ಅಲ್ಲಿಂದ ಮುಂದಿನ ಅಷ್ಟೂ ಉತ್ತರಗಳನ್ನು ಪಕ್ಕದ ಸಾಲಿನಲ್ಲಿ ತುಂಬಿದ್ದಳೆಂದೂ ತಿಳಿಯಿತು. "ನಿನ್ನ ಇಂಗ್ಲೀಷ್ ಫೇಲ್ ಆಗಿಲ್ಲವ್ವಾ," ಎಂದರಂತೆ, "ದಾರಿ ತಪ್ಪಿದಿ ಅಷ್ಟ."

ಆ ಪರೀಕ್ಷೆಯ ಸ್ವರೂಪವನ್ನು ವಿವರಿಸುವ ಕಿರುಹೊತ್ತಿಗೆಯನ್ನು ಪರೀಕ್ಷೆಯವರೇ ಕಳುಹಿಸುತ್ತಿದ್ದರು. ಆದರೆ ಅದು ಸಮುದ್ರ ದಾಟಿ ಅಂಚೆಯಲ್ಲಿ ಬರಬೇಕು. ಎಷ್ಟೋ ಸಲ ಪರೀಕ್ಷೆ ಮುಗಿದ ಮೇಲೆ ಬರುತ್ತಿತ್ತು. ಪರೀಕ್ಷೆ ಬರೆದು ಬಂದವರ ಬಾಯಿಂದಲೇ ಇವರು ಅದನ್ನು ಮತ್ತೆ ಕಟ್ಟಿದರು. ಮೊದಲು ಟೇಪ್ ರೆಕಾರ್ಡರಿನಲ್ಲಿ ಕೇಳಿ ಉತ್ತರಿಸುವುದು, ಆಮೇಲೆ ವಾಕ್ಯದ ದೋಷ ಹುಡುಕುವುದು, ಕೊನೆಗೆ ಓದಿ ತಿಳಿಯುವುದು. ಯಾವುದಕ್ಕೆ ಎಷ್ಟು ನಿಮಿಷ, ಪುಟ ತಿರುಗಿಸೆಂದು ಯಾರು ಹೇಳುತ್ತಾರೆ, ಪೆನ್ಸಿಲ್ ಕೆಳಗಿಡೆಂದ ಮೇಲೂ ತುಂಬುತ್ತಿದ್ದರೆ ಏನಾಗುತ್ತದೆ, ಎಲ್ಲವೂ ಅವರಿಗೆ ಕಂಠಪಾಠ. ಟೇಪಿನಲ್ಲಿ ಮಾತನಾಡುವ ಹೆಂಗಸನ್ನು ಅವರು ಒಮ್ಮೆಯೂ ಕೇಳಿದವರಲ್ಲ, ಕೇಳಿದ್ದರೂ ಅರ್ಧ ಕೇಳಿಸುತ್ತಿತ್ತು. ಆದರೂ ಹೇಳುತ್ತಿದ್ದರು: "ಟೇಪಿನಾಕಿ ಹನ್ನೆರಡು ಎಣಿಸೂತನಾ ಸುಮ್ಮನಿರ್ತಾಳ. ಆಮ್ಯಾಲೆ ನಿಮ್ಮಪ್ಪ ಬಂದ್ರೂ ನಿಲ್ಲಂಗಿಲ್ಲ."

ಒಂದು ನಿಯಮವನ್ನು ಅವರು ಎಂದೂ ಮುರಿಯಲಿಲ್ಲ. ಹೊರಗೆ ಬಂದವರು ಉತ್ಸಾಹದಲ್ಲಿ ಪ್ರಶ್ನೆಯನ್ನೇ ಹೇಳಹೋದರೆ ಕೈ ಅಡ್ಡ ಹಿಡಿಯುತ್ತಿದ್ದರು. "ಏನ್ ಕೇಳಿದ್ರು ಅನ್ನೂದು ಬ್ಯಾಡ. ಅದು ಕಳುವು. ಹ್ಯಾಂಗ ಕೇಳಿದ್ರು ಹೇಳ್ರಿ." ಆದರೂ ಒಮ್ಮೆ ಪರೀಕ್ಷೆ ನಡೆಯುವ ಕಾಲೇಜಿನ ಕಾವಲುಗಾರ ಇವರನ್ನು ಪ್ರಶ್ನೆ ಕದಿಯುವವರೆಂದು ತಿಳಿದು ಗೇಟಿನಿಂದ ಅಟ್ಟಿದ್ದನು. ಅಂದಿನಿಂದ ಗುರುತಿಲ್ಲದವರನ್ನು ಕೇಳುವುದನ್ನೇ ಬಿಟ್ಟರು. ಎದುರಿನ ಟೀ ಅಂಗಡಿಯಲ್ಲಿ ನಿಂತು, ತಾವೇ ಕಳುಹಿಸಿದವರಿಗಾಗಿ ಕಾಯುತ್ತಿದ್ದರು. ಕಲಿಸಿದ್ದಕ್ಕೆ ಕಾಸು ಕೇಳುತ್ತಿರಲಿಲ್ಲ. ಹೊರಗೆ ಬಂದೊಡನೆ ಅವರಿಗೆ ಮೊದಲು ಏನು, ಆಮೇಲೆ ಏನು, ಎಷ್ಟು ಹೊತ್ತು ಎಂದು ಒಪ್ಪಿಸಬೇಕು. ಮುಂದಿನವರಿಗೆ ಅದೇ ಪಾಠ.

ಎರಡನೆಯ ದೂರು ನನ್ನ ಮೇಜಿನ ಬಳಿಯದು. ಎಂಬತ್ತರ ದಶಕದ ನಡುವೆ ನಮ್ಮ ಸಂಸ್ಥೆ ಒಬ್ಬ ಅಧಿಕಾರಿಯನ್ನು ಆರು ತಿಂಗಳ ತರಬೇತಿಗೆ ಹೊರದೇಶಕ್ಕೆ ಕಳುಹಿಸುವುದೆಂದಾಯಿತು. ನನ್ನ ಹೆಸರು ಬಂತು. ಅದೇ ಇಂಗ್ಲಿಷ್ ಪರೀಕ್ಷೆಯಲ್ಲಿ ನಿಗದಿತ ಅಂಕ ಬರಬೇಕೆಂಬುದು ಷರತ್ತು. ಇಪ್ಪತ್ತೆರಡು ವರ್ಷ ಇಡೀ ಶಾಖೆಯ ಇಂಗ್ಲಿಷ್ ಪತ್ರಗಳನ್ನು ತಿದ್ದಿದವನಿಗೆ ಇಂಗ್ಲಿಷ್ ಪರೀಕ್ಷೆ. ನಾನು ಅದನ್ನು ಸಹಿಸಿಕೊಂಡೆ. ಇವರು ಟಪಾಲು ಕೊಡಲು ಬಂದವರು ಐದು ಜನರೆದುರು ಹೇಳಿದರು: "ಸಾಹೇಬ್ರ, ಈ ಪರೀಕ್ಷಾಕ್ಕ ನಿಮ್ಮ ಇಂಗ್ಲೀಷ್ ಭಾಳ ಆತ್ರಿ. ನೀವು ದಾಟೂದಿಲ್ಲ. ಒಂದೆರಡು ಐತವಾರ ನಮ್ಮನಿಗೆ ಬರ್ರಿ."

ಐದು ಜನರಲ್ಲಿ ಇಬ್ಬರು ನಕ್ಕರು. ಯಾರೆಂದು ನೆನಪಿದೆ.

ನಾನು ಹೋಗಲಿಲ್ಲ. ಪರೀಕ್ಷೆಗೆ ಹೋದೆ. ಟೇಪಿನ ಹೆಂಗಸು ಮೊದಲ ಸಂಭಾಷಣೆಯನ್ನು ಮುಗಿಸಿದಾಗ, ಅದರಲ್ಲಿನ ಗಂಡಸು ಆಡಿದ ಮಾತು ಸಭ್ಯವೇ ಎಂದು ನಾನು ವಿಚಾರ ಮಾಡುತ್ತಿರುವಾಗ, ಮತ್ತೆ ಮೂರು ಸಂಭಾಷಣೆಗಳು ಮುಗಿದುಹೋದವು. ಎರಡನೆಯ ಭಾಗದಲ್ಲಿ, ಕೊಟ್ಟ ನಾಲ್ಕೂ ಉತ್ತರ ಸರಿಯಿಲ್ಲವೆಂದು ತೋರಿದ ಕಡೆ ಅಂಚಿನಲ್ಲಿ ಟಿಪ್ಪಣಿ ಬರೆದೆ. ಇವೆಲ್ಲವನ್ನೂ ಮೀರಿದ್ದು ಇನ್ನೊಂದು. ನಮ್ಮ ಕಚೇರಿಯಲ್ಲಿ ಪಾಲಿಸಿಯ ಕಾಗದದ ಮೇಲೆ ಒಂದಕ್ಷರ ತಿದ್ದಿದರೂ ಪಕ್ಕದಲ್ಲಿ ಕಿರುಸಹಿ ಹಾಕಬೇಕು. ಇಲ್ಲದಿದ್ದರೆ ಆ ತಿದ್ದುಪಡಿ ಊರ್ಜಿತವಲ್ಲ. ಒಂದು ಉತ್ತರ ಅಳಿಸಿ ಇನ್ನೊಂದನ್ನು ತುಂಬಿದ ಪ್ರತಿ ಕಡೆಯೂ ನಾನು, ಕೈಯ ರೂಢಿಯಂತೆ, ಪಕ್ಕದ ಖಾಲಿ ಮನೆಗಳ ಮೇಲೆಯೇ ಕಿರುಸಹಿ ಹಾಕಿದ್ದೆ. ಯಂತ್ರಕ್ಕೆ ನಮ್ಮ ಕಚೇರಿಯ ಸಂಪ್ರದಾಯ ತಿಳಿಯದು.

ಫಲಿತಾಂಶ ಬಂದಾಗ ಅಂಕ ಬಹಳ ಕಡಿಮೆಯಿತ್ತು. ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಪಟ್ಟಿಯಲ್ಲಿ ನನ್ನ ಕೆಳಗಿನವನು ಹೋಗುತ್ತಾನೆ. ನಕ್ಕ ಇಬ್ಬರಲ್ಲಿ ಅವನೊಬ್ಬ. ಆ ಭಾನುವಾರ ನಾನು ಕೀಲ್ಪಾಕ್‌ಗೆ ಹೋದೆ.

ಅವರು ನಗಲಿಲ್ಲ. ಅದನ್ನು ದಾಖಲಿಸಬೇಕು. ಕತ್ತು ವಾಲಿಸಿ ಪೂರ್ತಿ ಕೇಳಿ, "ಎಷ್ಟು ಕಡೆ ಸಹಿ ಹಾಕಿದ್ರಿ?" ಎಂದರು.

"ಹದಿನೇಳು."

"ಹದಿನೇಳು," ಎಂದು ಅವರು ಬಹಳ ಗೌರವದಿಂದ ಪುನರುಚ್ಚರಿಸಿದರು. "ಇದು ನನಗ ಹೊಳೆದಿರಲೇ ಇಲ್ಲ ನೋಡ್ರಿ. ನಾಳಿ ಬ್ಯಾಂಕಿನವರು ಯಾರರ ಬಂದ್ರ ಮೊದಲ ಇದನ್ನ ಹೇಳಬೇಕು."

ಮೂರನೆಯ ದೂರು ಆ ದಿನದ್ದೇ. ಜಗಲಿಯ ಚಾಪೆಯ ಮೇಲೆ ಆರು ಮಂದಿ ನರ್ಸ್‌ಗಳು ಕುಳಿತಿದ್ದರು, ಸರೋಜಾ ಅವರಲ್ಲೊಬ್ಬಳು. ಅವರ ಸಾಲಿನಲ್ಲಿ ನನಗೂ ಜಾಗ ತೋರಿಸಿದರು. ನನ್ನ ಜೇಬಿನ ಫೌಂಟನ್ ಪೆನ್ನನ್ನು ತಾವೇ ಕೈಚಾಚಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಹೆರೆದ ಪೆನ್ಸಿಲೊಂದನ್ನು ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: "ನಿಮ್ಮ ಪೆನ್ನಿಗೆ ಅಲ್ಲಿ ಕೆಲಸಿಲ್ಲ ಸಾಹೇಬ್ರ. ಒಂದು ಸಾಲು ಬರೀ ಅಂತ ಅವರು ಯಾರಿಗೂ ಹೇಳಂಗಿಲ್ಲ."

ಅವರ ಹೆಂಡತಿ ಟೇಪಿನ ಹೆಂಗಸಾಗುತ್ತಿದ್ದರು. ಒಲೆಯ ಮೇಲಿನದನ್ನು ಇಳಿಸಿ ಬಂದು, ಸೆರಗಿನಲ್ಲಿ ಕೈ ಒರೆಸಿಕೊಂಡು, ಬಾಗಿಲಿನ ಹಿಂದೆ ನಿಂತು ಧಾರವಾಡದ ಇಂಗ್ಲಿಷಿನಲ್ಲಿ ಒಂದೊಂದು ಮಾತು ಓದುತ್ತಿದ್ದರು. ಇವರು ಬೆರಳು ಮಡಚುತ್ತ ಹನ್ನೆರಡು ಎಣಿಸುತ್ತಿದ್ದರು. ಮೊದಲ ವಾರ ನಾನು ನಾಲ್ಕನೆಯ ಮಾತಿನಲ್ಲೇ ನಿಂತುಬಿಟ್ಟೆ.

"ಅದನ್ನ ಬಿಟ್ಟು ವಾಂಗ ಸಾರ್, ಮುಂದೆ ಬನ್ನಿ," ಎಂದು ಪಕ್ಕದಿಂದ ಸರೋಜಾ ಪಿಸುಗುಟ್ಟಿದಳು, "ಬಸ್ಸು ಹೋಗಿಬಿಡುತ್ತೆ."

"ಆದರೆ ಆ ವಾಕ್ಯದಲ್ಲಿ ಕರ್ತೃ ಯಾರು ಎಂಬುದೇ..."

"ಅವ ಯಾರರ ಇರ್ಲಿ ಬಿಡ್ರಿ," ಎಂದರು ಇವರು ಎಣಿಕೆ ನಿಲ್ಲಿಸದೆ. "ಹತ್ತು, ಹನ್ನೊಂದು, ಹೋತು."

ಸರೋಜಾಳಿಗೆ ಹೊರದೇಶದ ಆಸ್ಪತ್ರೆಯೊಂದರಿಂದ ಕರೆ ಬಂದಿತ್ತು. ಆ ವರ್ಷದೊಳಗೆ ಪರೀಕ್ಷೆ ದಾಟಿದರಷ್ಟೇ ಆ ಕರೆಗೆ ಬೆಲೆ. ತಂದೆ ನಿವೃತ್ತರು, ಮನೆಯಲ್ಲಿ ದುಡಿಯುವವಳು ಈಕೆಯೊಬ್ಬಳೇ. ಆಕೆಯೂ ಉಳಿದವರೂ ಅರ್ಜಿ ಹಾಕಿದ್ದು ನನ್ನದರ ನಂತರದ ಸರದಿಗೆ. ಆ ಸಲ ಆ ಜಗಲಿಯಿಂದ ಪರೀಕ್ಷೆಗೆ ಹೊರಟವನು ನಾನೊಬ್ಬನೇ.

ಎರಡನೆಯ ಸಲ ನುಂಗಂಬಾಕ್ಕಂನ ಆ ಕಾಲೇಜಿನ ಸಭಾಂಗಣದಲ್ಲಿ ಕುಳಿತಾಗ ಎಲ್ಲಕ್ಕಿಂತ ಮೊದಲು ನನ್ನ ಮುಂದೆ ಬಂದದ್ದು ಗೆರೆ ಎಳೆದ ಒಂದು ಹಾಳೆ. ಇಂದಿನಿಂದ ಹೊಸದೊಂದು ಭಾಗ ಸೇರಿದೆ, ಕೊಟ್ಟ ವಿಷಯದ ಮೇಲೆ ಅರ್ಧ ಗಂಟೆ ಪ್ರಬಂಧ ಬರೆಯಬೇಕು ಎಂದು ಮೇಲ್ವಿಚಾರಕಿ ಹೇಳಿದಳು. ಸುತ್ತಲಿನ ಕಾಲೇಜು ಹುಡುಗರು ಬೆಚ್ಚಿದರು. ನನಗೆ ಆದ ಸಂತೋಷವನ್ನು ಈ ವಯಸ್ಸಿನಲ್ಲೂ ಮರೆಮಾಚಲಾರೆ. ಒಂದು ಸಾಲು ಬರೆಯೆಂದು ಯಾರೂ ಹೇಳುವುದಿಲ್ಲವಂತೆ. ಎರಡೂ ಮಗ್ಗುಲು ತುಂಬಿಸಿದೆ. ಒಂದೇ ಒಂದು ತಿದ್ದುಪಡಿಯಿಲ್ಲದೆ. ಉಳಿದ ಮೂರು ಭಾಗಗಳನ್ನು ಅವರು ಹೇಳಿಕೊಟ್ಟಂತೆಯೇ ದಾಟಿದೆ, ಹನ್ನೆರಡು ಎಣಿಸುತ್ತ. ಆದರೆ ಆಗ ನನ್ನ ಮನಸ್ಸಿನಲ್ಲಿದ್ದದ್ದು ಮೊದಲಿನ ಹಾಳೆ ಮಾತ್ರ.

ಮುಗಿದ ಮೇಲೆ ನಾನು ಹಿಂದಿನ ಬಾಗಿಲಿನಿಂದ ಹೊರಬಿದ್ದು, ಬೇರೆ ಬೀದಿಯಲ್ಲಿ ಬಸ್ಸು ಹಿಡಿದು ಮನೆಗೆ ಹೋದೆ.

ಸೋಮವಾರ ಹತ್ತು ಗಂಟೆಗೆ ಅವರು ನನ್ನ ಮೇಜಿನ ಬಳಿ ಬಂದರು. ಟೀ ಅಂಗಡಿಯಲ್ಲಿ ಕಾದದ್ದರ ಮಾತೆತ್ತಲಿಲ್ಲ. ಬಲಗಿವಿಯನ್ನು ಒಡ್ಡಿ, "ಹ್ಯಾಂಗಿತ್ರೀ ಸಾಹೇಬ್ರ? ಮೊದಲ ಏನು, ಆಮ್ಯಾಲೆ ಏನು?" ಎಂದರು. ಎದುರಿನ ಮೇಜಿನಲ್ಲಿ ಅಂದು ನಕ್ಕವರಲ್ಲೊಬ್ಬ ಕುಳಿತಿದ್ದ. ನಾನು ಕಡತದಿಂದ ತಲೆಯೆತ್ತದೆ ಹೇಳಿದೆ: "ಎಲ್ಲ ನೀವು ಹೇಳಿದ ಹಾಗೆಯೇ ಇತ್ತು."

"ಬದಲಿ ಏನಿಲ್ಲ?"

"ಏನೂ ಇಲ್ಲ."

"ಛಲೋ ಆತು," ಎಂದು ಅವರು ಟಪಾಲಿನ ಕಟ್ಟು ಎತ್ತಿಕೊಂಡು ಹೋದರು.

ಒಳಗಿನದನ್ನು ಹೊರಗೆ ಹೇಳುವುದಿಲ್ಲವೆಂದು ಪರೀಕ್ಷೆಯಲ್ಲಿ ಸಹಿ ಹಾಕಿದ್ದೇನೆ, ಆದ್ದರಿಂದ ಹೇಳಲಿಲ್ಲ ಎಂಬ ಸಮರ್ಥನೆಯೊಂದನ್ನು ನಾನು ಆ ಸಂಜೆಯೇ ಸಿದ್ಧಪಡಿಸಿದ್ದೆ. ಅದರ ಭಾಷೆ ಚೆನ್ನಾಗಿತ್ತು. ಯಾರೂ ಕೇಳಲಿಲ್ಲವಾದ್ದರಿಂದ ಅದು ಉಪಯೋಗಕ್ಕೆ ಬರಲಿಲ್ಲ.

ಫಲಿತಾಂಶ ಬಂತು; ಬೇಕಾದದ್ದಕ್ಕಿಂತ ಹೆಚ್ಚೇ ಅಂಕ. ಪಾಸ್‌ಪೋರ್ಟು, ವೀಸಾ ಎಂದು ಓಡಾಡುವುದರಲ್ಲಿ ತಿಂಗಳುಗಳು ಕಳೆದವು. ಹೊರಡಲು ಹತ್ತು ದಿನವಿರುವಾಗ ಒಂದು ಭಾನುವಾರ ಮೈಸೂರುಪಾಕಿನ ಪೊಟ್ಟಣ ಹಿಡಿದು ಕೀಲ್ಪಾಕ್‌ಗೆ ಹೋದೆ. ಕೃತಜ್ಞತೆ ಹೇಳಲು ಹೋದೆನೆಂದು ಬರೆಯಬಹುದು. ದಾಟುವುದಿಲ್ಲವೆಂದವರಿಗೆ ದಾಟಿದವನ ಮುಖ ತೋರಿಸಲು ಹೋದೆನೆಂಬುದು ಹೆಚ್ಚು ನಿಜ. ಅದರ ಹಿಂದಿನ ದಿನ ನರ್ಸ್‌ಗಳ ಪರೀಕ್ಷೆ ನಡೆದಿತ್ತೆಂಬುದು ನನ್ನ ಲಕ್ಷ್ಯದಲ್ಲಿರಲಿಲ್ಲ.

ಜಗಲಿಯಲ್ಲಿ ಎಲ್ಲರೂ ಇದ್ದರು. ಸರೋಜಾ ಒಪ್ಪಿಸುತ್ತಿದ್ದಳು.

"ಮೊದಲು ಒಂದು ಹಾಳೆ ಕೊಟ್ಟರು ಸಾರ್. ಬರೀ ಗೆರೆ. ಇದು ಲೆಕ್ಕಕ್ಕಲ್ಲ, ನಾಲ್ಕು ಉತ್ತರ ಇರೋ ಪುಸ್ತಕ ಈಗ ಕೊಡ್ತಾರೆ ಅಂತ ಕಾದೆ. ಪಕ್ಕದವರು ಬರೀತಾನೇ ಇದ್ದಾರೆ. ನೀವು ಬರೆಯೋದಿಲ್ಲ ಅಂದಿದ್ರಲ್ಲ, ಅವರೇ ತಪ್ಪು ಮಾಡ್ತಿದ್ದಾರೆ ಅಂದ್ಕೊಂಡೆ. ಆಮೇಲೆ ಆ ಮೇಡಂ ಬಂದು ಇನ್ನು ಹತ್ತೇ ನಿಮಿಷ ಅಂದ್ರು. ಮೂರು ಸಾಲು ಬರೆದೆ. ಆಮೇಲೆ ಟೇಪು ಹಾಕಿದಾಗಲೂ ಮನಸ್ಸು ಆ ಹಾಳೆ ಮೇಲೇ ಇತ್ತು, ಒಂದೂ ಕೇಳಿಸಲಿಲ್ಲ."

"ಇದು ಹೊಸಾದಾ?" ಎಂದರು ಅವರು, ಬಹಳ ಮೆಲ್ಲಗೆ.

"ನಾನೂ ಕೇಳಿದೆ ಸಾರ್. ಹೋದ ಸಲದಿಂದಲೇ ಇದೆ ಅಂದ್ರು."

ಬಾಗಿಲಿನ ಹಿಂದಿನಿಂದ ಅವರ ಹೆಂಡತಿ ನನ್ನನ್ನು ನೋಡಿದರು. ಅವರು ಮಾತ್ರ ನೋಡಲಿಲ್ಲ. ಕತ್ತನ್ನು ನಿಧಾನವಾಗಿ ತಿರುಗಿಸಿ, ಕೇಳಿಸುವ ಕಿವಿಯನ್ನು ನನ್ನ ಕಡೆಗಿಟ್ಟು ಕುಳಿತರು. ಎಷ್ಟು ಹೊತ್ತು ಎಂದು ನನಗೆ ಗೊತ್ತು. ನಾನೂ ಎಣಿಸುತ್ತಿದ್ದೆ. ಹನ್ನೆರಡಾಯಿತು.

ಆಗ ಅವರು ಸರೋಜಾಳ ಕಡೆ ತಿರುಗಿ ಹೇಳಿದರು: "ತಪ್ಪು ನಂದವ್ವಾ. ನಾ ಸರಿ ಕೇಳ್ಕೊಂಡಿಲ್ಲ. ಒಂದ ಕಿವಿ ಮನಿಶ್ಯಾ, ಏನ್ ಮಾಡೂದು."

ನನ್ನ ದೂರುಗಳಲ್ಲಿ ಅತಿ ದೊಡ್ಡದು ಇದು. ಮೆಟ್ಟಿಲಿನದು, ಮೇಜಿನದು, ಪೆನ್ನಿನದು, ಇವು ಮೂರನ್ನೂ ಬೇಕಾದರೆ ಬಿಟ್ಟುಕೊಡಬಲ್ಲೆ. ನಾನು ಮಾಡಿದ ತಪ್ಪನ್ನು ಆರು ಮಂದಿಯೆದುರು ನನ್ನಿಂದ ಕಿತ್ತುಕೊಂಡು, ತಮ್ಮದೆಂದು ಬರೆದುಕೊಂಡು, ನನಗೆ ಒಪ್ಪಿಕೊಳ್ಳುವ ಜಾಗವನ್ನೇ ಉಳಿಸದೆ ಹೋದದ್ದನ್ನು ಈವರೆಗೂ ಕ್ಷಮಿಸಿಲ್ಲ.

ಮೈಸೂರುಪಾಕನ್ನು ಅವರ ಹೆಂಡತಿ ತಟ್ಟೆಗೆ ಹಾಕಿ ಎಲ್ಲರಿಗೂ ಕೊಟ್ಟರು. ನಾನು ಹೊರಡುವಾಗ ಇವರು ಗೇಟಿನವರೆಗೂ ಬಂದು ಹೇಳಿದರು: "ಬರಿಯೂದು ನನಗ ಬರಂಗಿಲ್ರಿ ಸಾಹೇಬ್ರ. ನಿಮಗ ಬರ್ತದ. ಇರೂ ಹತ್ತು ದಿನದಾಗ ಒಂದ್ ನಾಲ್ಕು ದಿನ ಬಂದು ಈ ಹುಡುಗೀರಿಗೆ ಹೇಳಿಕೊಡ್ತೀರೇನು?" ನೋಡೋಣ ಎಂದೆ. ಹೋಗಲಿಲ್ಲ. ಆರು ತಿಂಗಳ ನಂತರ ಮರಳಿ ಬಂದಾಗ ಅವರು ಹುಬ್ಬಳ್ಳಿಯ ಶಾಖೆಗೆ ವರ್ಗ ಕೇಳಿ ಪಡೆದು ಹೋಗಿದ್ದರು. ಸರೋಜಾಳ ಕರೆಯ ಅವಧಿ ಮುಗಿದಿತ್ತು. ಆಕೆ ಕೀಲ್ಪಾಕ್‌ನ ಅದೇ ಆಸ್ಪತ್ರೆಯಲ್ಲಿ ನಿವೃತ್ತಿಯವರೆಗೂ ಉಳಿದಳು.

ಸಲ್ಲಬೇಕಾದದ್ದು ಸಲ್ಲದೆ ಉಳಿದ ಕಾಗದವನ್ನು ಕಡತದಲ್ಲಿಟ್ಟು ಮುಚ್ಚುವ ಅಭ್ಯಾಸ ನನಗಿಲ್ಲ. ಆದ್ದರಿಂದ ಈಗ ಒಪ್ಪಿಸುತ್ತಿದ್ದೇನೆ. ಬಲಗಿವಿಯ ಕಡೆ ನಿಂತೇ.

ಮೊದಲು ಒಂದು ಹಾಳೆ ಕೊಡುತ್ತಾರೆ. ಎರಡೂ ಮಗ್ಗುಲು ಗೆರೆ ಇರುತ್ತದೆ, ಇನ್ನೊಂದು ಹಾಳೆ ಕೊಡುವುದಿಲ್ಲ. ಅದರಲ್ಲಿ ಬರೆಯಬೇಕು, ಪೆನ್ಸಿಲಿನಲ್ಲೇ. ಅರ್ಧ ಗಂಟೆ. ವಿಷಯವೇನೆಂದು ಹೇಳುವುದಿಲ್ಲ; ನೀವು ಕೇಳುತ್ತಲೂ ಇರಲಿಲ್ಲ. ಕೊನೆಯ ಹತ್ತು ನಿಮಿಷ ಉಳಿದಾಗ ಮೇಲ್ವಿಚಾರಕಿ ಒಮ್ಮೆ ಎಚ್ಚರಿಸುತ್ತಾಳೆ. ಹಾಳೆ ತೆಗೆದುಕೊಂಡ ಮೇಲೆ ಐದು ನಿಮಿಷ ಖಾಲಿ. ಆಗ ಬೆರಳು ಚಾಚಿ ಮಡಚಿಕೊಳ್ಳಲು ಹುಡುಗಿಯರಿಗೆ ಹೇಳಿ; ಬರೆದ ಕೈ ಬಿಗಿದಿರುತ್ತದೆ. ಆಮೇಲೆ ಟೇಪು. ಅಲ್ಲಿಂದ ಮುಂದೆ ಎಲ್ಲವೂ ನೀವು ಹೇಳಿದ ಹಾಗೆಯೇ, ಹನ್ನೆರಡರ ಎಣಿಕೆಯೂ ಸೇರಿ. ಕೊನೆಯ ಗಂಟೆ ಬಾರಿಸಿದ ಮೇಲೆ ಕಾಗದಗಳನ್ನು ಎಣಿಸಿ ನೋಡುವವರೆಗೂ ಎದ್ದೇಳುವಂತಿಲ್ಲ. ನಾನು ಕುಳಿತದ್ದು ಕಿಟಕಿಯ ಪಕ್ಕ. ಅಲ್ಲಿಂದ ಎದುರಿನ ಟೀ ಅಂಗಡಿ ಕಾಣುತ್ತದೆ. ನೀವು ಬಿಸಿಲಿನಲ್ಲಿ, ಗೇಟಿನ ಕಡೆ ಮುಖ ಮಾಡಿ ನಿಂತಿದ್ದಿರಿ. ಆಮೇಲೆ ನಾನು ಹಿಂದಿನ ಬಾಗಿಲಿನಿಂದ ಹೋದೆ.

ಎಷ್ಟು ಹೊತ್ತು ನಿಂತಿದ್ದಿರಿ ಎಂಬುದನ್ನು ಮಾತ್ರ ನಾನು ಯಾರನ್ನೂ ಕೇಳಲಿಲ್ಲ.